ಗೇಟಿನೊಳಗೆ ಇಂಗ್ಲಿಷ್ ಇಲ್ಲ

ಬ್ಯಾಲಿಮೋರನ್ ಊರಿನ ಐರಿಷ್ ಮಾಧ್ಯಮ ಶಾಲೆಯ ಗೇಟಿಗೆ ಒಂದು ಫಲಕ ತೂಗುಹಾಕಿದ್ದರು. ಈ ಗೇಟಿನೊಳಗೆ ಐರಿಷ್ ಮಾತ್ರ ಎಂದು ಅದರ ಮೇಲೆ ದಪ್ಪಕ್ಷರದಲ್ಲಿ, ಐರಿಷ್‌ನಲ್ಲೇ ಬರೆದಿತ್ತು. ಮಕ್ಕಳ ಅಪ್ಪ ಅಮ್ಮಂದಿರಿಗೂ ತಿಳಿಯಲಿ ಎಂದು ಕೆಳಗೆ ಇಂಗ್ಲಿಷಿನಲ್ಲಿ ಇನ್ನೊಂದು ಸಾಲು: ಗೇಟಿನೊಳಗೆ ಇಂಗ್ಲಿಷ್ ಇಲ್ಲ. ಈ ಎರಡನೆಯ ಸಾಲನ್ನು ಸೇರಿಸಿ ಎಂದು ಹಟ ಹಿಡಿದವಳು ಡಿಂಪ್ನಾ ಗೆರಿಟಿ, ಪೋಷಕರ ಸಮಿತಿಯ ಅಧ್ಯಕ್ಷೆ. ಐರಿಷ್ ಶಾಲೆಯ ಫಲಕಕ್ಕೆ ಇಂಗ್ಲಿಷ್ ಯಾಕೆ ಬೇಕು ಎಂದು ಯಾರೂ ಅವಳನ್ನು ಕೇಳಲಿಲ್ಲ. ಕೇಳಬೇಕಾದವರಿಗೆಲ್ಲ ಅದರ ಅಗತ್ಯ ಅವಳಿಗಿದ್ದಷ್ಟೇ ಇತ್ತು.

ಡಿಂಪ್ನಾಳಿಗೆ ಐರಿಷ್ ಎಂದರೆ ಪ್ರಾಣ. ಬರುತ್ತಿದ್ದದ್ದು ಮಾತ್ರ ಮೂರು ವಾಕ್ಯ. ಎಲ್ಲರಿಗೂ ಸ್ವಾಗತ, ನಿಮ್ಮನ್ನೆಲ್ಲ ಕಂಡು ಸಂತೋಷವಾಯಿತು, ನಮ್ಮ ಭಾಷೆ ನಮ್ಮ ಉಸಿರು. ಈ ಮೂರನ್ನೂ ಅವಳು ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದ್ದಳು. ಪ್ರತಿ ಸಭೆಯಲ್ಲೂ ಅವನ್ನು ಒಪ್ಪಿಸಿ, ಒಂದು ಉಸಿರು ತೆಗೆದುಕೊಂಡು, "ಇನ್ನು ಎಲ್ಲರಿಗೂ ಅನುಕೂಲ ಆಗ್ಲಿ ಅಂತ ಇಂಗ್ಲಿಷಲ್ಲೇ ಮುಂದುವರಿಸ್ತೀನಿ" ಎನ್ನುತ್ತಿದ್ದಳು. ಅನುಕೂಲ ಮೊದಲು ಯಾರಿಗಾಗುತ್ತಿತ್ತು ಎಂಬುದು ಬೇರೆ ಮಾತು. ಆ ದೇಶದಲ್ಲಿ ಮಂತ್ರಿಯಿಂದ ಹಿಡಿದು ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿಯವರೆಗೆ ಎಲ್ಲರೂ ಹೀಗೆಯೇ ಶುರುಮಾಡುವುದು. ಯಾರೂ ನಗುವುದಿಲ್ಲ. ನಾಳೆ ಮೈಕು ತಮ್ಮ ಕೈಗೂ ಬರುತ್ತದಲ್ಲ.

ಹದಿಮೂರು ವರ್ಷ ಶಾಲೆಯಲ್ಲಿ ಐರಿಷ್ ಕಲಿತವಳೇ ಅವಳೂ. ಪರೀಕ್ಷೆ ಮುಗಿದ ವಾರದಲ್ಲಿ ಅದೆಲ್ಲ ಎಲ್ಲಿ ಸೋರಿಹೋಯಿತೋ, ಕೊನೆಗೆ ಉಳಿದದ್ದು ಶೌಚಾಲಯಕ್ಕೆ ಹೋಗಲು ಅಪ್ಪಣೆ ಕೇಳುವ ಮಾತೊಂದೇ. ಅದು ಮಾತ್ರ ಆ ದೇಶದಲ್ಲಿ ಯಾರಿಗೂ ಮರೆತುಹೋಗುವುದಿಲ್ಲ. ಮಗಳು ಲೀಡನ್‌ಗೆ ಹಾಗಾಗಬಾರದು ಎಂಬುದು ಡಿಂಪ್ನಾಳ ನಿಜವಾದ ಸಂಕಟ. ಅದರಲ್ಲಿ ಬೂಟಾಟಿಕೆ ಏನೂ ಇರಲಿಲ್ಲ. ಎಂಟು ವರ್ಷದ ಲೀಡನ್ ಆಟದ ನಡುವೆ ಐರಿಷ್‌ನಲ್ಲಿ ಜಗಳವಾಡುವುದನ್ನು ಕೇಳಿದಾಗ ಅವಳ ಕಣ್ಣು ತುಂಬಿಬರುತ್ತಿತ್ತು. ಜಗಳ ಯಾತಕ್ಕೆ ಎಂಬುದು ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಫಲಕ ಹಾಕಿಸಿದ ಹುಮ್ಮಸ್ಸಿನಲ್ಲಿ ಅವಳು ಇನ್ನೊಂದು ಪದ್ಧತಿಯನ್ನೂ ತಂದಿದ್ದಳು. ಒಂದು ಗೇಣುದ್ದದ ಮರದ ಕೋಲು, ಅದಕ್ಕೆ ಕೆಂಪು ಬಣ್ಣ. ಅಂಗಳದಲ್ಲಿ ಯಾರು ಇಂಗ್ಲಿಷ್ ಮಾತಾಡಿದರೋ ಕೋಲು ಅವರ ಕೈಗೆ. ಅವರು ಮುಂದೆ ಇಂಗ್ಲಿಷ್ ಮಾತಾಡುವವರನ್ನು ಹಿಡಿದು ದಾಟಿಸಬೇಕು. ಶುಕ್ರವಾರ ಬೆಳಗಿನ ಗಂಟೆ ಹೊಡೆದಾಗ ಕೋಲು ಯಾರ ಕೈಯಲ್ಲಿ ಉಳಿಯುತ್ತದೋ ಅವರು ಸೋಮವಾರದ ಪ್ರಾರ್ಥನೆಯಲ್ಲಿ ಇಡೀ ಶಾಲೆಯ ಮುಂದೆ ಐರಿಷ್ ಹಾಡು ಹೇಳಬೇಕು. ದೊಡ್ಡವರಿಗೂ ಇದೇ ನಿಯಮ ಎಂದು ಡಿಂಪ್ನಾ ಘೋಷಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮರುದಿನದಿಂದ ಅಪ್ಪ ಅಮ್ಮಂದಿರ ಬಾಯಿಗೆ ಬೀಗ ಬಿತ್ತು.

ಬೆಳಗ್ಗೆ ಅವರೆಲ್ಲ ಗೇಟಿನ ಹೊರಗೆ ಸೇರಿ, ಕಾಗದದ ಲೋಟದ ಕಾಫಿ ಹೀರುತ್ತ, ಮಳೆಯನ್ನೂ ಅತ್ತೆಯನ್ನೂ ಮನೆ ಸಾಲದ ಬಡ್ಡಿಯನ್ನೂ ಒಟ್ಟಿಗೆ ಬೈದು ಗಹಗಹಿಸುತ್ತಿದ್ದರು. ಗಂಟೆಗೆ ಐದು ನಿಮಿಷವಿರುವಾಗ ಮಕ್ಕಳ ಕೈ ಹಿಡಿದು ಒಳಗೆ ಕಾಲಿಟ್ಟರೆ, ಸಾವಿನ ಮನೆಗೆ ಬಂದವರ ಹಾಗೆ ಗಪ್‌ಚುಪ್. ಒಬ್ಬರನ್ನೊಬ್ಬರು ನೋಡಿ ಹುಬ್ಬು ಹಾರಿಸುವುದು, ತಲೆದೂಗುವುದು, ಆಕಾಶ ನೋಡುವುದು. ಮನೆ ನಿವೇಶನಗಳ ಹರಾಜು ಕೂಗಿ ಬದುಕುತ್ತಿದ್ದ ಸಮಿತಿಯ ಖಜಾಂಚಿ ಫರ್ಗಲ್ ಟೂಹಿ ಕೂಡ ಅಂಗಳದಲ್ಲಿ ಮೂಕನಂತೆ ನಿಲ್ಲುತ್ತಿದ್ದ.

ಈ ಮೌನದ ನಟ್ಟನಡುವೆ ದಿನವೂ ಒಬ್ಬಳು ಮೊದಲೇ ಬಂದು ನಿಂತಿರುತ್ತಿದ್ದಳು. ಅವಳು ವಿಯೋರಿಕಾ. ಮೊಲ್ಡೋವಾ ದೇಶದವಳು, ಊರಾಚೆಯ ಅಣಬೆ ತೋಟದ ಕೆಲಸದವಳು. ಶಾಲೆಯ ಹಿಂದಿನ ಓಣಿಯಲ್ಲಿ, ಕುದುರೆ ಜೂಜಿನ ಅಂಗಡಿಯ ಮೇಲಿನ ಮನೆಯಲ್ಲಿ ಅವಳ ವಾಸ. ಹತ್ತಿರವಿದೆ ಎಂದು ಮಗಳು ಸಾಂಡಾಳನ್ನು ಇಲ್ಲಿ ಸೇರಿಸಿದ್ದಳು. ಭಾಷೆಯ ಪ್ರಶ್ನೆಗೆ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಅವಳ ಮಟ್ಟಿಗೆ ಇಂಗ್ಲಿಷೂ ಪರದೇಶದ್ದೇ, ಐರಿಷೂ ಪರದೇಶದ್ದೇ.

ಓಣಿಯ ಕಡೆಯ ಚಿಕ್ಕ ಬಾಗಿಲಿನಿಂದ ಬರುತ್ತಿದ್ದ ಅವಳಿಗೆ ಮುಂದಿನ ಗೇಟಿನ ಫಲಕ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಕಂಬಿಗಳಾಚೆ ನಗುತ್ತ ಹರಟುವ ಗುಂಪು. ಆ ಗುಂಪು ಒಳಗೆ ಬಂದು ಅವಳನ್ನು ಕಂಡೊಡನೆ ಮಾತು ನಿಲ್ಲಿಸುತ್ತಿತ್ತು. ಮೊದಲ ವಾರ ಅವಳು ಇಂಗ್ಲಿಷಿನಲ್ಲಿ ಶುಭೋದಯ ಎಂದಿದ್ದಳು. ಒಬ್ಬಾಕೆ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ಇನ್ನೊಬ್ಬಾಕೆ ಮುಖ ತಿರುಗಿಸಿದಳು. ಕೋಲು ಕೈಗೆ ಬಂದೀತೆಂಬ ಭಯದಿಂದ ಅವರು ಹಾಗೆ ಮಾಡಿದ್ದು. ವಿಯೋರಿಕಾಳಿಗೆ ಅದು ಹೇಗೆ ಗೊತ್ತಾಗಬೇಕು? ಕೋಲಿನ ಸುದ್ದಿ ಮಗಳ ಬಾಯಲ್ಲಿ ಕೇಳಿದ್ದರೂ ಅದು ಮಕ್ಕಳ ಆಟವೆಂದುಕೊಂಡಿದ್ದಳು. ಅವಳೂ ಬಾಯಿ ಮುಚ್ಚಿಕೊಂಡಳು. ಎರಡು ವರ್ಷ ಮುಚ್ಚಿಕೊಂಡೇ ನಿಂತಳು.

ಅಷ್ಟರಲ್ಲಿ ಊರಿನಲ್ಲಿ ಜಗಳ ಹೊತ್ತಿತು. ಹಳೆಯ ಡೈರಿಯ ಪಕ್ಕದ ಬಯಲನ್ನು ಸರ್ಕಾರ ಯಾವುದಾದರೂ ಒಂದು ಶಾಲೆಗೆ ಕೊಡುವುದೆಂದಾಯಿತು. ಐರಿಷ್ ಶಾಲೆ ಇಷ್ಟು ವರ್ಷ ತಗಡಿನ ಶೆಡ್ಡುಗಳಲ್ಲಿ ನಡೆಯುತ್ತಿತ್ತು. ಇಂಗ್ಲಿಷ್ ಶಾಲೆಗೂ ಜಾಗ ಸಾಲದಾಗಿತ್ತು. ಊರಿನ ಕೌನ್ಸಿಲರ್ ಪತ್ರಿಕೆಯಲ್ಲಿ ಕಿಡಿ ಹಚ್ಚಿದ: ಐರಿಷ್ ಶಾಲೆ ಎಂದರೆ ಫೀಸಿಲ್ಲದ ಖಾಸಗಿ ಶಾಲೆ, ಹೊರಗಿನಿಂದ ಬಂದವರ ಮಕ್ಕಳ ಪಕ್ಕ ತಮ್ಮ ಮಕ್ಕಳು ಕೂರಬಾರದೆಂದು ದೊಡ್ಡ ಮನೆಯವರು ಕಟ್ಟಿಕೊಂಡ ಬೇಲಿ. ಸಾರ್ವಜನಿಕ ಸಭೆ ಗೊತ್ತಾಯಿತು. ಶಿಕ್ಷಣ ಇಲಾಖೆಯ ಅಧಿಕಾರಿಣಿ ಬರುವವಳಿದ್ದಳು.

"ಬೇಲಿ ಅಂತೆ ಬೇಲಿ," ಎಂದು ಡಿಂಪ್ನಾ ಸಮಿತಿಯ ಸಭೆಯಲ್ಲಿ ಕುದಿದಳು. "ನಾವು ಯಾರನ್ನ ಬೇಡ ಅಂದಿದೀವಿ? ಫರ್ಗಲ್, ನಮ್ಮಲ್ಲಿ ಹೊರಗಿನೋರ ಮಕ್ಕಳು ಯಾರ್ಯಾರಿದಾರೆ ಹೇಳು."

ಫರ್ಗಲ್ ಸ್ಕೋನ್ ಎಂಬ ಬನ್ನಿಗೆ ಬೆಣ್ಣೆ ಸವರುತ್ತ ಯೋಚಿಸಿದ. "ಆ ಅಣಬೆ ತೋಟದವಳ ಮಗಳಿದಾಳಲ್ಲ."

"ಆಮೇಲೆ?"

"ಕೆರಿ ಕಡೆಯಿಂದ ಬಂದಿರೋರು ಒಬ್ರು ಇದಾರೆ."

"ಕೆರಿ ಇದೇ ದೇಶದಲ್ಲಿದೆ ಮಾರಾಯ."

"ಮಾತು ಕೇಳಿದ್ರೆ ಹಾಗನ್ಸಲ್ಲ," ಎಂದ ಫರ್ಗಲ್.

ಹೀಗೆ ಡಿಂಪ್ನಾ ಒಂದು ಭಾನುವಾರ ಮಧ್ಯಾಹ್ನ ಒಣಹಣ್ಣಿನ ಬ್ರೆಡ್ಡೊಂದನ್ನು ಕಂಕುಳಲ್ಲಿಟ್ಟುಕೊಂಡು ಜೂಜಂಗಡಿಯ ಮೆಟ್ಟಿಲು ಹತ್ತಿದಳು. ಎರಡು ವರ್ಷ ಪಕ್ಕದಲ್ಲೇ ನಿಂತವಳ ಹೆಸರನ್ನು ಅಂದು ಶಾಲೆಯ ಮಾಸ್ಟರರಿಂದ ಕೇಳಿ ತಿಳಿದುಕೊಂಡು ಬಂದಿದ್ದಳು. ವಿಯೋರಿಕಾ ಬಾಗಿಲು ತೆರೆದು ಒಳಗೆ ಕರೆದಳು. ಆಮೇಲೆ ಕೂರಿಸಿ, ಚಹಾ ಕೊಟ್ಟು, ಚೀಸ್ ತುಂಬಿ ಬೇಯಿಸಿದ ಬಿಸಿ ರೊಟ್ಟಿ ತಟ್ಟೆಗೆ ಹಾಕಿದಳು.

"ನಿಮಗೆ ಮಾತು ಬರುತ್ತೆ ಹಾಗಾದ್ರೆ," ಎಂದಳು.

ಡಿಂಪ್ನಾಳಿಗೆ ಅರ್ಥವಾಗಲಿಲ್ಲ. ಅರ್ಥವಾದವಳಂತೆ ನಕ್ಕಳು. ಸಭೆಯ ವಿಷಯ ಹೇಳಿದಳು, ಬಯಲಿನ ವಿಷಯ ಹೇಳಿದಳು. "ನಿಮ್ಮಂಥೋರು ವೇದಿಕೆ ಮೇಲೆ ಎರಡು ಮಾತಾಡಿದ್ರೆ ಸಾಕು. ಶಾಲೆ ನಿಮ್ಮನ್ನ ಹೇಗೆ ನೋಡ್ಕೊಂಡಿದೆ ಅಂತ."

"ಸಾಂಡಾನ ಈ ಶುಕ್ರವಾರ ಬಿಡಿಸ್ತಿದೀನಿ," ಎಂದಳು ವಿಯೋರಿಕಾ. "ಸೋಮವಾರದಿಂದ ಇಂಗ್ಲಿಷ್ ಶಾಲೆ. ಬಸ್ಸಲ್ಲಿ ಹೋಗ್ಬೇಕು. ಪರವಾಗಿಲ್ಲ."

ಡಿಂಪ್ನಾಳ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಇದ್ದ ಒಬ್ಬಳೂ ಹೋದರೆ ಕೌನ್ಸಿಲರನಿಗೆ ಹಬ್ಬವೇ. "ಯಾಕ್ರೀ? ಭಾಷೆ ಕಷ್ಟ ಆಯ್ತಾ ಮಗೂಗೆ?"

"ಅವಳಿಗೇನೂ ಕಷ್ಟ ಇಲ್ಲ. ಕನಸಲ್ಲೂ ಐರಿಷ್ ಮಾತಾಡ್ತಾಳೆ. ಶಾಲೆ ಬಿಡ್ತೀವಿ ಅಂದಿದ್ದಕ್ಕೆ ಎರಡು ದಿನ ಊಟ ಬಿಟ್ಲು. ಕಷ್ಟ ನಂದು." ಇಷ್ಟು ಹೇಳಿ ವಿಯೋರಿಕಾ ಕಿಟಕಿಯ ಕಡೆ ನೋಡಿದಳು. ಕಿಟಕಿಯಿಂದ ಶಾಲೆಯ ಅಂಗಳ ಕಾಣುತ್ತಿತ್ತು. "ಸಭೆಯಲ್ಲಿ ನಿಜ ಹೇಳ್ಬಹುದಾ?"

"ಅಯ್ಯೋ, ನಮಗೆ ಬೇಕಾಗಿರೋದೇ ನಿಜ," ಎಂದಳು ಡಿಂಪ್ನಾ. ಮಗು ಕನಸಿನಲ್ಲಿ ಐರಿಷ್ ಮಾತಾಡುತ್ತದೆ ಎಂಬ ನಿಜ ಅವಳ ಕಿವಿಯಲ್ಲಿ ಆಗಲೇ ಚಪ್ಪಾಳೆ ಗಿಟ್ಟಿಸುತ್ತಿತ್ತು. ಉಳಿದದ್ದನ್ನು ಅವಳು ಕೇಳಲಿಲ್ಲ.

ಬುಧವಾರ ಸಂಜೆ ಫುಟ್‌ಬಾಲ್ ಕ್ಲಬ್ಬಿನ ಸಭಾಂಗಣ ತುಂಬಿತ್ತು. ಕೌನ್ಸಿಲರ್ ಮೊದಲು ಎದ್ದ. ಐರಿಷ್ ಶಾಲೆಯ ವಿರುದ್ಧ ಮಾತಾಡಲು ಬಂದವನು ಐರಿಷ್‌ನಲ್ಲೇ ನಾಲ್ಕು ವಾಕ್ಯ ಒಪ್ಪಿಸಿದ. ಅಂದರೆ ಡಿಂಪ್ನಾಳಿಗಿಂತ ಒಂದು ಹೆಚ್ಚು. ಅವಳಿಗೆ ಮೈಯೆಲ್ಲ ಉರಿಯಿತು.

ಅವಳ ಸರದಿ ಬಂದಾಗ ಮೂರನ್ನೂ ಎಂದಿಗಿಂತ ನಿಧಾನವಾಗಿ ಹೇಳಿದಳು, ಆಮೇಲೆ ಎಲ್ಲರ ಅನುಕೂಲಕ್ಕೆ ಇಳಿದಳು. "ನಮ್ಮ ಮುತ್ತಜ್ಜಿ ಕತ್ತಿಗೆ ಶಾಲೇಲಿ ಒಂದು ಕೋಲು ಕಟ್ತಿದ್ರಂತೆ. ಐರಿಷ್‌ನಲ್ಲಿ ಒಂದು ಮಾತಾಡಿದ್ರೆ ಅದರ ಮೇಲೆ ಒಂದು ಕಚ್ಚು. ಸಂಜೆ ಕಚ್ಚು ಎಣಿಸಿ ಅಷ್ಟು ಏಟು. ಅವಳು ಹೆದರಿ ಮಾತು ಬಿಟ್ಲು. ಅವಳ ಮಕ್ಕಳಿಗೆ ಭಾಷೆ ಸಿಗ್ಲಿಲ್ಲ. ನಮ್ಮ ಮಕ್ಕಳಿಗಾದ್ರೂ ಸಿಗ್ಲಿ ಅಂತ ಈ ಶಾಲೆ. ಇದು ಬೇಲಿ ಅಲ್ಲ." ಹೇಳುವಾಗ ಅವಳ ದನಿ ನಡುಗಿತು. ನಡುಕ ನಿಜವಾದದ್ದೇ. ಮುಂದಿನ ಸಾಲಿನಲ್ಲಿ ಒಬ್ಬಾತ ಎದ್ದು, ನಿಮ್ಮ ಅಂಗಳದಲ್ಲೂ ಒಂದು ಕೋಲಿದೆಯಂತಲ್ಲ ಎಂದ. "ಅದು ಹೊಡೆಯೋ ಕೋಲು, ಇದು ಪ್ರೀತಿ ಕೋಲು," ಎಂದು ಡಿಂಪ್ನಾ ಅವನನ್ನು ಕೂರಿಸಿದಳು.

ಆಮೇಲೆ ವಿಯೋರಿಕಾ ಎದ್ದಳು. ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮಾಸ್ಟರು ಒಳ್ಳೇವರು. ಪಾಠ ಒಳ್ಳೇದು. ನನ್ನ ಮಗಳಿಗೆ ಅಲ್ಲಿ ಗೆಳತಿಯರಿದಾರೆ. ಆದ್ರೆ ಎರಡು ವರ್ಷದಿಂದ ಆ ಅಂಗಳದಲ್ಲಿ ಒಬ್ಬರೂ ನನ್ನ ಹತ್ರ ಒಂದು ಮಾತಾಡಿಲ್ಲ. ಹೊರಗೆ ನಗ್ತಿರ್ತಾರೆ. ನನ್ನ ನೋಡಿದ ಕೂಡ್ಲೆ ಬಾಯಿ ಮುಚ್ತಾರೆ. ಅಣಬೆ ವಾಸನೆ ಬರುತ್ತೇನೋ ಅಂತ ನಾನು ದಿನಾ ಎರಡು ಸಲ ಸ್ನಾನ ಮಾಡ್ದೆ. ಆಮೇಲೂ ಮಾತಾಡ್ಲಿಲ್ಲ. ಅದಕ್ಕೇ ಮಗಳನ್ನ ಬಿಡಿಸ್ತಿದೀನಿ. ಅಷ್ಟೇ." ಮೈಕನ್ನು ಮೆಲ್ಲನೆ ಮೇಜಿನ ಮೇಲಿಟ್ಟು ಹೋಗಿ ಕೂತಳು.

ಡಿಂಪ್ನಾಳ ಕಿವಿಯಲ್ಲಿ ಒಂದೇ ಮಾತು ಉಳಿಯಿತು. ದಿನಕ್ಕೆ ಎರಡು ಸಲ ಸ್ನಾನ. ಅಧಿಕಾರಿಣಿ ಕನ್ನಡಕ ಸರಿಮಾಡಿಕೊಂಡು ಕೇಳಿದಳು, "ಅಧ್ಯಕ್ಷರೇ, ಇದು ನಿಜಾನಾ?"

ಸಮಿತಿಯ ಕಣ್ಣುಗಳೆಲ್ಲ ಡಿಂಪ್ನಾಳ ಮೇಲೆ ನೆಟ್ಟವು. ಎಲ್ಲದರಲ್ಲೂ ಒಂದೇ ಬೇಡಿಕೆ: ಅದೊಂದನ್ನು ಹೇಳಬೇಡ. ನಿಜವಾದ ಉತ್ತರ ಚಿಕ್ಕದೇ ಆಗಿತ್ತು: ಅದು ತಾತ್ಸಾರವಲ್ಲಮ್ಮ, ನಮಗೆ ಐರಿಷ್ ಬರುವುದಿಲ್ಲ, ಇಂಗ್ಲಿಷ್ ಆಡಿದರೆ ಕೋಲು ಬರುತ್ತದೆ, ಅದಕ್ಕೆ ಮೂಕರಾಗಿದ್ದೆವು. ಆದರೆ ನಮ್ಮ ಭಾಷೆ ನಮ್ಮ ಉಸಿರು ಎಂದು ಈಗಷ್ಟೇ ಹೇಳಿದ ಬಾಯಿಯಲ್ಲಿ, ಪತ್ರಿಕೆಯವರ ಎದುರು, ನಾಲ್ಕು ವಾಕ್ಯದ ಕೌನ್ಸಿಲರನ ಎದುರು ಇದನ್ನು ಹೇಳುವುದು ಹೇಗೆ? ಫರ್ಗಲ್ ಅವಳ ಕಿವಿಗೆ ಬಾಗಿದ. "ಸೊಕ್ಕು ಅಂತ ಒಪ್ಕೊಂಡ್‌ಬಿಡು ಮಾರಾಯ್ತಿ. ಸೊಕ್ಕಿಗೆ ಕ್ಷಮೆ ಇದೆ."

ಡಿಂಪ್ನಾ ಒಪ್ಪಿಕೊಂಡಳು. "ನಿಜ. ನಾವು ನಮ್ಮ ನಮ್ಮಲ್ಲೇ ಇದ್ಬಿಟ್ವಿ. ಹೊರಗಿನಿಂದ ಬಂದೋರನ್ನ ಹತ್ರ ಸೇರಿಸ್ಲಿಲ್ಲ. ಇದು ನಮ್ಮ ಕಣ್ಣು ತೆರೆಸಿದೆ. ಮನಸಾರೆ ಕ್ಷಮೆ ಕೇಳ್ತೀವಿ. ಒಂದು ಸ್ವಾಗತ ಉಪಸಮಿತಿ ಮಾಡ್ತೀವಿ."

ಚಪ್ಪಾಳೆ ಬಿತ್ತು. ಇಷ್ಟು ನೇರವಾಗಿ ತಪ್ಪೊಪ್ಪಿಕೊಂಡ ಶಾಲೆಯನ್ನು ತಾನು ಕಂಡಿಲ್ಲ ಎಂದು ಅಧಿಕಾರಿಣಿ ಹೊಗಳಿದಳು. ಕೌನ್ಸಿಲರ್ ಕೂಡ ಬಂದು ಕೈಕುಲುಕಿದ. ಮರುದಿನ ಬೆಳಗ್ಗೆಯೇ ಸುದ್ದಿ ಬಂತು: ಬಯಲನ್ನು ಐರಿಷ್ ಶಾಲೆಗೆ ಕೊಡುವಂತೆ ಶಿಫಾರಸು ಹೋಗುತ್ತದೆ, ಮುಖ್ಯ ಕಾರಣ ಪೋಷಕರ ಪ್ರಾಮಾಣಿಕತೆ.

ಆ ಬೆಳಗ್ಗೆಯೇ ಸ್ವಾಗತ ಉಪಸಮಿತಿಯ ಕೆಲಸವೂ ಶುರುವಾಯಿತು. ಇಂಗ್ಲಿಷ್ ಆಡುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಹಾಗಾಗಿ ಎಲ್ಲರಿಗೂ ಗೊತ್ತಿದ್ದ ಒಂದು ನಮಸ್ಕಾರವನ್ನು ಆರಿಸಿಕೊಂಡರು: ದಿಯಾ ಗ್ವಿತ್, ದೇವರು ನಿನ್ನ ಜೊತೆಗಿರಲಿ. ಸಾಲಾಗಿ ಒಬ್ಬೊಬ್ಬರೇ ವಿಯೋರಿಕಾಳ ಮುಂದೆ ಬಂದು, ಹಲ್ಲು ಕಿರಿದು, ದಿಯಾ ಗ್ವಿತ್ ಎಂದು ಹೇಳಿ, ಮುಂದೆ ಏನು ಹೇಳಬೇಕೋ ತೋಚದೆ ಜಾಗ ಖಾಲಿ ಮಾಡಿದರು. ಅಷ್ಟು ಜನರ ದೇವರೂ ಜೊತೆಗಿದ್ದೂ ಅವಳು ಮೊದಲಿಗಿಂತ ಒಂಟಿಯಾಗಿ ಕಂಡಳು. ಸಾಲಿನ ಕೊನೆಯಲ್ಲಿದ್ದ ಡಿಂಪ್ನಾಳಿಗೆ ಅವಳ ಮುಖ ನೋಡಲಾಗಲಿಲ್ಲ. ಇದು ಅಪ್ಪಣೆಯ ಮೇಲೆ ಬಂದ ಸ್ವಾಗತ ಎಂಬುದು ಆ ಮುಖಕ್ಕೆ ಚೆನ್ನಾಗಿ ತಿಳಿದಿತ್ತು.

ಶುಕ್ರವಾರ ಬಂತು. ಸಾಂಡಾಳನ್ನು ಬಿಡಿಸಿಕೊಂಡು ಹೋಗುವ ದಿನ. ತುಂತುರು ಮಳೆ. ಹೊರಗೆ ಬಯಲು ಗೆದ್ದ ಸಡಗರದಲ್ಲಿ ಕಾಫಿಯ ಜೊತೆ ಕೇಕ್ ಹಂಚುತ್ತಿದ್ದರು. ಡಿಂಪ್ನಾ ಕೇಕ್ ಮುಟ್ಟಲಿಲ್ಲ. ಕಂಬಿಗಳಾಚೆ, ಅಂಗಳದಲ್ಲಿ, ವಿಯೋರಿಕಾ ಮಗಳ ಚಳಿಗಾಲದ ಕೋಟು, ಬಣ್ಣದ ಪೆಟ್ಟಿಗೆ, ಮಳೆಗಾಲದ ಬೂಟು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಸಾಂಡಾ ಮತ್ತು ಲೀಡನ್ ಕೈ ಕೈ ಹಿಡಿದು ಅಳುತ್ತಿದ್ದರು. ಡಿಂಪ್ನಾ ಗೇಟಿನ ಹೊರಗಿನಿಂದಲೇ ಕೈ ಬೀಸಿ ಕರೆದಳು. ವಿಯೋರಿಕಾ ನೋಡಿದಳು, ಬರಲಿಲ್ಲ. ಯಾಕೆ ಬರಬೇಕು?

ಡಿಂಪ್ನಾ ಲೋಟವನ್ನು ಫರ್ಗಲ್‌ನ ಕೈಗಿಟ್ಟು ಒಳಗೆ ನಡೆದಳು. ಉಳಿದವರೂ ಗಂಟೆಯಾಗುತ್ತದೆಂದು ಹಿಂದೆಯೇ ಬಂದು ಮೂಕರಾದರು. ಅವಳು ವಿಯೋರಿಕಾಳ ಎದುರು ನಿಂತಳು. ಬಾಯಿಗೆ ಬಂದದ್ದು ಅದೇ ಮೂರು ವಾಕ್ಯ. ನಿಮ್ಮನ್ನೆಲ್ಲ ಕಂಡು ಸಂತೋಷವಾಯಿತು. ಅವನ್ನು ನುಂಗಿಕೊಂಡಳು.

"ನಮಗೆ ಐರಿಷ್ ಬರಲ್ಲ," ಎಂದಳು ಇಂಗ್ಲಿಷಿನಲ್ಲಿ.

ಅಂಗಳದಲ್ಲಿ ಹುಬ್ಬುಗಳೆಲ್ಲ ಒಟ್ಟಿಗೆ ಮೇಲೇರಿದವು.

"ಏನು?" ಎಂದಳು ವಿಯೋರಿಕಾ.

"ಬರಲ್ಲ. ನಂಗೆ ಬರಲ್ಲ, ಫರ್ಗಲ್‌ಗೆ ಬರಲ್ಲ, ಇಲ್ಲಿರೋ ಯಾರಿಗೂ ಬರಲ್ಲ. ಒಳಗೆ ಇಂಗ್ಲಿಷ್ ಆಡೋ ಹಾಗಿಲ್ಲ ಅಂತ ನಾನೇ ಮಾಡಿಟ್ಟೆ. ಅದಕ್ಕೇ ಎಲ್ಲರೂ ಬಾಯಿ ಮುಚ್ಕೊಂಡಿರೋದು. ನಿಮ್ಮನ್ನ ನೋಡಿ ಅಲ್ಲ. ನಿಮ್ಮ ವಾಸನೆಗೂ ಅಲ್ಲ."

ವಿಯೋರಿಕಾ ಅಂಗಳದ ಸುತ್ತ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಹೋದಳು. ಯಾರೂ ಅಲ್ಲವೆಂದು ತಲೆಯಾಡಿಸಲಿಲ್ಲ. ಫರ್ಗಲ್ ಆಕಾಶ ನೋಡುತ್ತಿದ್ದ. ಅವಳ ಕಣ್ಣಲ್ಲಿ ಮೊದಲು ಬಂದದ್ದು ನಗುವಲ್ಲ, ಸಿಟ್ಟು.

"ಎರಡು ವರ್ಷ," ಎಂದಳು. "ಹಾಗಾದ್ರೆ ಆವತ್ತು ಅಷ್ಟು ಜನರ ಮುಂದೆ, ನನ್ನನ್ನ ಬೇಕು ಅಂತಲೇ ದೂರ ಇಟ್ವಿ ಅಂತ ಯಾಕೆ ಒಪ್ಕೊಂಡ್ರಿ?"

ಡಿಂಪ್ನಾಳಿಗೆ ಸುಳ್ಳು ಹುಡುಕುವಷ್ಟು ತ್ರಾಣ ಉಳಿದಿರಲಿಲ್ಲ. "ಅದು ಸುಲಭ ಆಗಿತ್ತು."

ಯಾರೋ ಅವಳ ಕೋಟಿನ ಅಂಚು ಹಿಡಿದೆಳೆದರು. ಸಾಂಡಾ. ಆ ವಾರ ಕೆಂಪು ಕೋಲು ಅವಳ ಪಾಲಿಗಿತ್ತು. ಸೋಮವಾರ ಅವಳಿರುವುದಿಲ್ಲವಾದ್ದರಿಂದ ಯಾರೂ ಅದನ್ನು ಕೇಳಿರಲಿಲ್ಲ. ಅಳು ಇನ್ನೂ ನಿಂತಿರಲಿಲ್ಲ, ಆದರೂ ನಿಯಮ ನಿಯಮವೇ. ಕೋಲನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ, ಮರ್ಯಾದೆಯಿಂದ, ನೀರು ಹರಿದಂಥ ಐರಿಷ್‌ನಲ್ಲಿ ಏನೋ ಹೇಳಿದಳು.

"ಏನಂದ್ಲು?" ಎಂದಳು ವಿಯೋರಿಕಾ.

"ಗೊತ್ತಿಲ್ಲ," ಎಂದಳು ಡಿಂಪ್ನಾ. ಕೋಲು ತೆಗೆದುಕೊಂಡಳು. ಮುತ್ತಜ್ಜಿಯ ಕತ್ತಿಗೆ ಐರಿಷ್‌ಗಾಗಿ ಬಿದ್ದದ್ದು, ಮೊಮ್ಮಗಳ ಮಗಳ ಕೈಗೆ ಇಂಗ್ಲಿಷಿಗಾಗಿ ಬಂದು ಸೇರಿತ್ತು. ಪ್ರೀತಿ ಕೋಲು ಎಂದು ಹೇಳಿದ್ದವಳಿಗೆ ಅದು ಬಹಳ ಭಾರವಾಗಿತ್ತು. ಗಂಟೆ ಹೊಡೆಯಲು ಮಾಸ್ಟರು ಬಾಗಿಲಿಗೆ ಬಂದು ನಿಂತರು. ಸುತ್ತ ನಿಂತಿದ್ದ ಅಷ್ಟು ಜನ ಹಳೆಯ ಗೆಳೆಯರಲ್ಲಿ ಒಬ್ಬರಾದರೂ ಬಾಯಿ ಬಿಟ್ಟು, ಹೋಗಲಿ ಬಿಡು ಡಿಂಪ್ನಾ ಎಂದಿದ್ದರೆ ಕೋಲು ಅವರದಾಗುತ್ತಿತ್ತು. ಅದಕ್ಕೇ ಯಾರೂ ಅನ್ನಲಿಲ್ಲ. ಅಂಗಳದಲ್ಲಿ ಒಂಟಿಯಾಗಿ ನಿಲ್ಲುವುದು ಎಂದರೇನೆಂದು ಅವಳಿಗೆ ಆಗ ತಿಳಿಯಿತು.

"ಕೊಡಿ ಇಲ್ಲಿ," ಎಂದಳು ವಿಯೋರಿಕಾ, ಇಂಗ್ಲಿಷಿನಲ್ಲಿ, ಅಂಗಳಕ್ಕೆಲ್ಲ ಕೇಳುವಂತೆ.

ಡಿಂಪ್ನಾ ಅವಳ ಮುಖ ನೋಡಿದಳು.

"ನಾನೂ ಇಂಗ್ಲಿಷ್ ಆಡ್ದೆ ತಾನೆ? ಕೊಡಿ." ಕೋಲನ್ನು ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. "ಇದಕ್ಕೆ ಏನು ಶಿಕ್ಷೆ?"

"ಎಲ್ಲರ ಮುಂದೆ ಒಂದು ಹಾಡು ಹೇಳ್ಬೇಕು. ಐರಿಷ್‌ನಲ್ಲಿ."

"ನಿಮಗೆ ಬರುತ್ತಾ ಒಂದಾದ್ರೂ?"

"ಇಲ್ಲ."

"ಯಾವಾಗ ಹೇಳ್ಬೇಕು?"

"ಸೋಮವಾರ," ಎಂದಳು ಡಿಂಪ್ನಾ. ಸೋಮವಾರ ಸಾಂಡಾ ಇಂಗ್ಲಿಷ್ ಶಾಲೆಗೆ ಹೋಗಬೇಕಿತ್ತು ಎಂಬುದು ಹೇಳಿದ ಮೇಲೆ ನೆನಪಾಯಿತು.

ಮಾಸ್ಟರು ಗಂಟೆ ಹೊಡೆದರು. ವಿಯೋರಿಕಾ ಬೂಟು, ಕೋಟು, ಬಣ್ಣದ ಪೆಟ್ಟಿಗೆಗಳ ಚೀಲವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಅದನ್ನು ಸಾಂಡಾಳ ಹೆಗಲಿಗೆ ಏರಿಸಿ, ಅವಳ ಕಣ್ಣೊರೆಸಿ, ತರಗತಿಯ ಕಡೆಗೆ ಮೆಲ್ಲಗೆ ತಳ್ಳಿದಳು.

"ಭಾನುವಾರ ಮನೆಗೆ ಬನ್ನಿ," ಎಂದಳು ಡಿಂಪ್ನಾಳಿಗೆ. "ಸಾಂಡಾ ಇಬ್ಬರಿಗೂ ಕಲಿಸ್ತಾಳೆ. ನಾನೊಬ್ಬಳೇ ಹಾಡಲ್ಲ."